ಇಲಿಯಾಸ್ ಭಾಯಿಯ ಹಳೆಯ ಮಾತ್ರೆ

ನಿನ್ನೆಯಿಂದ ನನ್ನ ಬಾಯಲ್ಲಿ ತುಕ್ಕು ಹಿಡಿದ ಮೊಳೆಯ ರುಚಿ. ಊರೆಲ್ಲ ಮರೆತ ಮೇಲೆ ಕೊರೊನಾಗೆ ನನ್ನ ಮನೆಯ ವಿಳಾಸ ಸಿಕ್ಕಿದೆ. ಇದು ಅದರ ಮಾತ್ರೆಯ ಕಹಿ. ನೀವು ಮರುಗಬೇಡಿ. ಈ ಕಹಿ ನಾಲಿಗೆಗೆ ತಾಗಿದರೆ ನನಗೆ ನಗು ಬರುತ್ತದೆ, ನಕ್ಕರೆ ಕೆಮ್ಮು ಬರುತ್ತದೆ. ಎರಡಕ್ಕೂ ಇಲಿಯಾಸ್ ಭಾಯಿ ಕಾರಣ.

ಅಮೆರಿಕದ ಓಲ್ಡ್ ಬ್ರಿಡ್ಜ್‌ನಲ್ಲಿ ನಮ್ಮ ಎದುರುಮನೆಯವರು. ಮೈಸೂರಿನವರು; ಹತ್ತಿರದ ಐಸೆಲಿನ್‌ನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಭಾನುವಾರ ಚಹಾಕ್ಕೆ ಕೂತಾಗ ಸರಿಯಾಗಿ ಆರಕ್ಕೆ ಅವರ ಫೋನು ಕೂಗುತ್ತಿತ್ತು. ಒಳಗೆ ಹೋಗಿ ಅರ್ಧ ನಿಮಿಷದಲ್ಲಿ ಬರುತ್ತಿದ್ದರು. ನಮಾಜು ಎಂದುಕೊಂಡಿದ್ದೆ. ನಮಾಜಿನ ಹೊತ್ತು ಋತುವಿನೊಂದಿಗೆ ಸರಿಯುತ್ತದೆ, ಅರ್ಧ ನಿಮಿಷದಲ್ಲಿ ಮುಗಿಯುವುದಿಲ್ಲ ಎಂಬುದು ಪತ್ರಿಕೆಯ ಡೆಸ್ಕಿನಲ್ಲಿ ತಲೆ ನರೆಸಿಕೊಂಡ ನನಗೆ ಹನ್ನೆರಡು ವರ್ಷ ಹೊಳೆಯಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಫೋನ್ ಮಾಡಿದರು. “ಎಡಿಟರ್ ಸಾಹೇಬ್ರೇ, ಕೋವಿಡ್ ಬಂದಿದೆ. ಫಾರ್ಮಸಿಗೆ ಡ್ರೈವ್ ಮಾಡಿ ಮಾತ್ರೆ ತರ್ತೀರಾ? ನಾನು ತಗೊಳ್ಳೋ ಔಷಧಿಗಳ ಲಿಸ್ಟ್ ಬಾಗಿಲಲ್ಲಿಟ್ಟಿದೀನಿ, ತೋರಿಸ್ಲೇಬೇಕು. ನೀವು ಓದ್ದೇ ಬಿಡಲ್ಲ, ಅದಕ್ಕೇ ಹೇಳ್ಬಿಡ್ತೀನಿ. ನಂಗೆ ಎಚ್‌ಐವಿ ಇದೆ. ಗೊತ್ತಾದ್ರೆ ಅಳತೆ ಕೊಡೋಕೆ ಅಂಗಡಿಗೆ ಒಬ್ರೂ ಬರಲ್ಲ.”

ನನ್ನ ಬಾಯಿಂದ ಬಂದದ್ದು, “ದೃಢಪಟ್ಟಿದೆಯಾ?”

ಕೆಮ್ಮಿನ ನಡುವೆ ನಗು. “ಇಪ್ಪತ್ತೇಳು ವರ್ಷ ಆಯ್ತು ಸಾಹೇಬ್ರೇ. ಡೆಸ್ಕ್‌ಗೆ ಈಗ ಬಂತಾ?”

ಒಂದೇ ಮೈಯಲ್ಲಿ ಎರಡು ವೈರಸ್ಸು! ಆರು ಗಂಟೆಗೆ ಕೂಗುತ್ತಿದ್ದ ಆ ಫೋನು ಮಾತ್ರೆಯ ಅಲಾರಂ ಎಂದು ಕಾರು ಓಡಿಸುವಾಗ ಹೊಳೆಯಿತು. ಫಾರ್ಮಸಿಯ ಹುಡುಗಿ ಪಟ್ಟಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಎಚ್‌ಐವಿ ಮಾತ್ರೆ ಎಂದಿನಂತೆ ನಡೆಯಲಿ, ಕೊಲೆಸ್ಟರಾಲ್ ಮಾತ್ರೆಯೊಂದನ್ನು ಕೆಲವು ದಿನ ನಿಲ್ಲಿಸಿ ಎಂದಳು. ಪೊಟ್ಟಣವನ್ನು ಅವರ ಮೆಟ್ಟಿಲ ಮೇಲಿಟ್ಟು, ಹಿಮದಲ್ಲಿ ನಿಂತು ಗಾಜಿನ ಬಾಗಿಲಾಚೆಗೆ ಇದನ್ನು ಕೂಗಿ ಹೇಳಿದೆ.

“ಅಯ್ಯೋ, ಬಿರಿಯಾನಿಗೆ ಕಾವಲಿದ್ದೋನ್ನೇ ರಜೆ ಮೇಲೆ ಕಳಿಸಿದ್ರಾ?”

ಆಮೇಲೆ ಡಬ್ಬಿಯ ಮೇಲಿನ ಹೆಸರು ಓದಿ ಕಿರುಚಿದರು. “ರಿಟೊನಾವಿರ್! ಇವನಾ! ಆ ಕಾಲದಲ್ಲಿ ನನ್ನ ಎಚ್‌ಐವಿಗೆ ಇವನನ್ನೇ ಕೊಡ್ತಿದ್ರು. ಬಾಯೆಲ್ಲ ತುಕ್ಕು. ಇಷ್ಟ್ ವರ್ಷ ಎಲ್ಲಿದ್ದೆ ಮಹರಾಯ?” ಒಳಗೆ ಅವರು, ಹೊರಗೆ ನಾನು, ಗಾಜು ಮಸುಕಾಗುವಷ್ಟು ನಕ್ಕೆವು. ವಾರದೊಳಗೆ ಅವರ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡಿತು. ನಾನು ಮನೆಯಲ್ಲೂ ಬಾಯಿಬಿಡಲಿಲ್ಲ. ಕೈಗೆ ಬಂದ ಸುದ್ದಿಯನ್ನು ನುಂಗಿಕೊಂಡದ್ದು ಅದೇ ಮೊದಲು.

ಇವತ್ತು ನನ್ನ ಬಾಗಿಲಾಚೆ ಅವರು ನಿಂತಿದ್ದಾರೆ, ಕೈಯಲ್ಲಿ ನಿಂಬೆ ಉಪ್ಪಿನಕಾಯಿ. “ನಾಲಿಗೆಗೆ ಹಚ್ಕೊಳ್ಳಿ, ಸೀನಿಯರ್ ಹೇಳ್ತಿದೀನಿ.” ಬರೆಯುತ್ತಿದ್ದ ಈ ಹಾಳೆಯನ್ನು ಗಾಜಿಗೆ ಒತ್ತಿ ತೋರಿಸಿದೆ. ಅವರು ಬೇಡವೆಂದರೆ ಹರಿಯಲು ಸಿದ್ಧನಿದ್ದೆ.

“ಯಾರ್ರೀ ಇದು, ‘ನನ್ನ ಒಬ್ಬ ಸ್ನೇಹಿತರು’?”

“ನೀವೇ.”

ಅವರು ಗಾಜಿಗೆ ಇನ್ನಷ್ಟು ಬಾಗಿ ಹಾಳೆಯನ್ನು ಮತ್ತೊಮ್ಮೆ ಓದಿದರು.

“ಹಂಗಾದ್ರೆ ಹೆಸರು ಹಾಕಿ. ಮೈಸೂರು ಅಂತಾನೂ ಹಾಕಿ, ಅಂಗಡಿ ವಿಷಯಾನೂ. ಬರೋರು ಬರ್ಲಿ.”

ಎಲ್ಲವನ್ನೂ ಹಾಕಿದ್ದೇನೆ. ಮೇಲೆ ನೀವು ಓದಿದ್ದು ತಿದ್ದಿದ ಪ್ರತಿ.