ರಾಣಿಯ ಹೆಸರು ಹೇಳದ ಲೇಖಕ

ಡ್ರ್ಯಾಗನ್‌ಗಳೆಂದರೆ ನನಗೆ ಮೊದಲಿನಿಂದಲೂ ಭಯವಿಲ್ಲ. ಈಚೆಗೆ ಭಯ ಹುಟ್ಟಿರುವುದು ಅವುಗಳ ಕತೆ ಬರೆಯುವ ಗಂಡಸರ ಬಗ್ಗೆ.

ನಗಬೇಡಿ. ಬೀದರಿನಿಂದ ಭಾಲ್ಕಿಗೆ ದಿನಾ ಬಸ್ಸಿನಲ್ಲಿ ಹೋಗಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ, ಮಂಡಿ ತಿಕ್ಕಿಕೊಳ್ಳುತ್ತ ಮರಳುವ ಹೆಂಗಸು ನಾನು. ಕಿಟಕಿಯ ಪಕ್ಕ ಕೂತು ಓದುವುದು ಮಾತ್ರ ಬೆಂಕಿ ಉಗುಳುವ ಪ್ರಾಣಿಗಳ, ಮಾತಾಡುವ ಕತ್ತಿಗಳ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು. ಮುಜುಗರಕ್ಕೆ ಅವುಗಳಿಗೆ ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿದ್ದೇನೆ. ದೇವರ ಚಿತ್ರ ಹೊರಮುಖವಾಗಿ ಬಂದುಬಿಟ್ಟಿದೆ. ನಾನು ದಿನಾ ಪುರಾಣ ಓದುತ್ತೇನೆಂದು ನಂಬಿರುವ ಕಂಡಕ್ಟರ್ ನನಗೆ ಬಹಳ ಮರ್ಯಾದೆ ಕೊಡುತ್ತಾನೆ.

ಈ ಕಾದಂಬರಿಗಳನ್ನು ಬರೆದವರಲ್ಲಿ ಒಬ್ಬನನ್ನು ನಾನು 'ನನ್ನ ಲೇಖಕ' ಎಂದೇ ಕರೆಯುವುದು. ಎಲ್ಲೋ ಸಮುದ್ರದಾಚೆ ಇದ್ದಾನೆ, ನಾನೊಬ್ಬಳು ಇದ್ದೇನೆಂಬುದು ಅವನಿಗೆ ಗೊತ್ತಿಲ್ಲ. ಕಾಲೇಜು ಹುಡುಗಿಯಾಗಿದ್ದಾಗಿನಿಂದ ನಮ್ಮದು ಇದೇ ಸಂಬಂಧ, ಜಗಳವಿಲ್ಲದೆ ನಡೆದುಕೊಂಡು ಬಂದಿತ್ತು. ಕೆಡಿಸಿದ್ದು ನನ್ನ ಅಣ್ಣನ ಮಗಳು ಸುಮೇಧಾ. ಔರಾದ ತಾಲೂಕಿನ ಡಾಬಕಾದಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗುವ ಈ ಹುಡುಗಿ ಫೋನ್ ಮಾಡಿ, "ಅತ್ತಿ, ನಿಮ್ಮ ಹಂತ್ಯಾಕ ಮುಗೀಲಾರದಂಥ ಕತಿ ಪುಸ್ತಕ ಇದ್ರ ಕೊಡ್ರಿ" ಎಂದಳು. ನನಗಾದ ಸಂತೋಷ ಹೇಳತೀರದು. ಮನೆತನದಲ್ಲಿ ನನ್ನ ಹುಚ್ಚಿಗೆ ಒಬ್ಬ ವಾರಸುದಾರಳು ಸಿಕ್ಕಿದ್ದಳು! ಮೊದಲ ಸಂಪುಟ ಇಳಿಸಿ, ಕೊಡುವ ಮೊದಲು ಒಮ್ಮೆ ಕಣ್ಣಾಡಿಸೋಣ ಎಂದು ಕೂತೆ. ಕೂರಬಾರದಿತ್ತು.

ಪುಸ್ತಕದಲ್ಲಿ ಪ್ರತಿ ಕತ್ತಿಗೂ ಹೆಸರಿದೆ. ಕುದುರೆಗಳಿಗಿದೆ. ಛತ್ರದ ಮುಂದೆ ಮಲಗಿದ್ದ ಕುಂಟನಾಯಿಗೂ ಇದೆ. ರಾಣಿಗಿಲ್ಲ. ಅವಳು ಉದ್ದಕ್ಕೂ 'ರಾಜನ ಹೆಂಡತಿ'. ಹೆಂಗಸರು ಕಾಣಿಸಿಕೊಂಡಾಗಲೆಲ್ಲ ಎಲ್ಲಿಂದಲೋ ಗಾಳಿ ಬೀಸಿ ಕೂದಲು ಹಾರುತ್ತದೆ. ಅದೇ ಗಾಳಿ ಪಕ್ಕದಲ್ಲೇ ನಿಂತ ಗಂಡಸರಿಗೆ ತಗಲುವುದಿಲ್ಲ. ಅಷ್ಟು ದೊಡ್ಡ ಸೈನ್ಯ ಪರ್ವತ ದಾಟುತ್ತದೆ, ಅದಕ್ಕೆ ರೊಟ್ಟಿ ಬಡಿದವರ ಸುದ್ದಿಯೇ ಇಲ್ಲ.

ನಮ್ಮ ಮನೆಯವರ ಮುಂದೆ ಗೋಳು ಹೇಳಿಕೊಂಡೆ. ಅವರದು ಗಾಂಧಿ ಗಂಜದ ಪೇಟೆಯಲ್ಲಿ ರೈತರ ಕಾಳು ಕೊಂಡು ಮಾರುವ ಅಡತಿ ಅಂಗಡಿ.

"ತೊಗರಿ ತಗೊಳ್ಳೋ ಮುಂದ, ಬಿತ್ತಿದಂವ ಹೆಂಡ್ತಿನ್ನ ಹ್ಯಾಂಗ ನೋಡ್ಕೋತಾನ ಅಂತ ಕೇಳ್ಕೋತ ಕೂಡ್ತೇನೇನು?" ಎಂದರು.

"ಬರೇ ಚೀಲದ ಬಾಯಿ ನೋಡಿ ತಗೋತೀರೇನ್ರಿ?" ಎಂದೆ.

ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ತಳದ ಕಾಳು ಹೊರತೆಗೆದು ನೋಡದೆ ಕೊಳ್ಳುವ ಮನುಷ್ಯರಲ್ಲ ಅವರು. ನಾನೂ ಚುಚ್ಚಿದೆ. ಲೇಖಕನ ಸಂದರ್ಶನಗಳನ್ನು ಹುಡುಕಿ ಓದಿದೆ. ಪುಸ್ತಕದ ಹಿಂಬದಿಯ ಚಿತ್ರದಲ್ಲಿ ಅವನ ತೊಡೆಯ ಮೇಲೆ ಕೂತ ಬೆಕ್ಕಿನ ಮುಖದಲ್ಲಿ ಏನಾದರೂ ಸಾಕ್ಷಿ ಸಿಗುತ್ತದೆಯೇ ಎಂದು ಬಹಳ ಹೊತ್ತು ನೋಡಿದೆ. ಬೆಕ್ಕು ಬಾಯಿಬಿಡಲಿಲ್ಲ.

ಅವನು ಹೀಗೆ ಬರೆದದ್ದಕ್ಕಿಂತ ನನಗೆ ಇಷ್ಟು ವರ್ಷ ಅದು ಕಾಣದೆ ಹೋದದ್ದೇ ಹೆಚ್ಚು ನೋವು ಕೊಟ್ಟಿತು. ಯಾಕೆ ಕಾಣಲಿಲ್ಲ ಎಂದರೆ, ಆ ಕತೆಯ ಕಾಡಿಗೆ ನಾನು ಪ್ರತಿ ಸಲವೂ ಗಂಡುಹುಡುಗನಾಗಿಯೇ ಹೋಗಿದ್ದೆ. ಕತ್ತಿ ಹಿಡಿದದ್ದು, ಡ್ರ್ಯಾಗನ್ ಏರಿದ್ದು ಎಲ್ಲ ಕತೆಯ ನಾಯಕ, ಕಮ್ಮಾರನ ಮಗನಾಗಿ. ಹೆಣ್ಣಾಗಿ ಹೋಗಿದ್ದರೆ ಕೂದಲು ಹಾರಿಸಿಕೊಂಡು ಕಿಟಕಿಯಲ್ಲಿ ನಿಲ್ಲಬೇಕಿತ್ತು. ಸುಮೇಧಾಳನ್ನೂ ಆ ಕಿಟಕಿಯಲ್ಲಿ ನಿಲ್ಲಿಸಲೇ? ಕೊಡದಿದ್ದರೆ, ನನ್ನ ಪ್ರಾಯದ ಅಷ್ಟೂ ಸುಖವನ್ನು ಅವಳಿಂದ ಬಚ್ಚಿಟ್ಟ ಹಾಗಾಗುವುದಿಲ್ಲವೇ?

ಆ ದೂರದವನನ್ನು ಬೈಯಲು ನಮ್ಮ ಕಡೆಯವರಿಗೆ ಹಕ್ಕಂತೂ ಧಾರಾಳವಾಗಿದೆ. ಹೆಣ್ಣು ಗಂಡು ಸರಿಸಮ ಕೂತು ಅನುಭವದ ಮಾತಾಡಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಈ ಮಾತನ್ನು ಇಲ್ಲಿ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಹೇಳುವವರು ವೇದಿಕೆಯ ಮೇಲಿರುತ್ತಾರೆ. ಹೆಂಗಸರು ಅದನ್ನು ಅಡುಗೆಯ ಪಾತ್ರೆಗಳ ನಡುವೆ ನಿಂತು ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳುತ್ತಾರೆ.

ಕೊನೆಗೆ ಒಂದು ಭಾನುವಾರ ಪುಸ್ತಕವನ್ನು ಚೀಲದ ತಳದಲ್ಲಿ ಅಡಗಿಸಿಕೊಂಡು ಡಾಬಕಾಕ್ಕೆ ಹೋದೆ. ನಮ್ಮ ವೈನಿ, ಅಂದರೆ ಸುಮೇಧಾಳ ತಾಯಿ, ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪುಸ್ತಕ ತೆಗೆಯದೆ ಬರೀ ಬಾಯಿಮಾತಿನಲ್ಲಿ ಕತೆ ಹೇಳಿ ಪರೀಕ್ಷಿಸೋಣ ಎಂದು ಶುರುಮಾಡಿದೆ. ತಾಯಿ ಮಗಳು ಇಬ್ಬರೂ ಕಿವಿಗೊಟ್ಟರು.

"ರಾಣಿ ಹೆಸರೇನ್ರಿ?" ಎಂದಳು ವೈನಿ.

"ಬರದವರು ಹೇಳಿಲ್ಲ ವೈನಿ."

ವೈನಿ ಮೊರ ಕೆಳಗಿಟ್ಟಳು. "ಹೇಳಲಿಲ್ಲಂದ್ರ, ಬರದಾಕಿ ಆ ರಾಣಿ ಸೊಸಿನೇ ಇರ್ಬೇಕು ಬಿಡ್ರಿ. ಅತ್ತಿ ಹೆಸರು ಹ್ಯಾಂಗ ಹೇಳ್ತಾಳ ಪಾಪ! ಛಲೋ ಮನಿತನದಾಕಿ ಕಾಣಸ್ತದ."

ವೈನಿಯ ತರ್ಕ ನಿಮಗೆ ತಿಳಿಯಬೇಕಾದರೆ ನಮ್ಮ ರಿವಾಜು ಗೊತ್ತಿರಬೇಕು. ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ತರುವುದಿಲ್ಲ. ಗಂಡನ ಹೆಸರನ್ನು ಮದುವೆ, ಕುಬಸದಂಥ ಸಮಯದಲ್ಲಿ ಹಟ ಮಾಡಿ ಕೇಳಿದರೆ ಮಾತ್ರ ಒಡಪಿನಲ್ಲಿ, ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುತ್ತಾಳೆ. ನನ್ನ ಅವ್ವನ ಹೆಸರು ತುಳಸಮ್ಮ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು, ವೈನಿ ಇವತ್ತಿಗೂ ಅಂಗಳದ ತುಳಸಿಯನ್ನು 'ಕಟ್ಟಿ ಮ್ಯಾಲಿನ ಗಿಡ' ಎಂದೇ ಅನ್ನುತ್ತಾಳೆ.

ಬರೆದದ್ದು ಗಂಡಸು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ನನ್ನ ಲೇಖಕ ಜನ್ಮದಲ್ಲಿ ಮೊದಲ ಸಲ ಸೆರಗು ಹೊದ್ದು ಕೂತಿದ್ದ, ಚೆನ್ನಾಗಿ ಕಾಣುತ್ತಿದ್ದ. ಕತೆ ಮುಂದುವರಿಸಿದೆ. ನಾಯಕನಿಗೆ ದುಃಖವಾಗಲೆಂದೇ ರಾಣಿಯನ್ನು ಗೋಪುರದಲ್ಲಿ ಸಾಯಿಸುವ ಭಾಗ ಬಂತು.

"ಅಯ್ಯ ಶಿವನ!" ಎಂದಳು ವೈನಿ. "ಹೆಸರು ಹೇಳಲಿಲ್ಲ ಖರೆ, ಆದ್ರ ಅತ್ತಿನ್ನ ಕೊಂದೇಬಿಟ್ಟಾಳ ನೋಡ್ರಿ!"

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ವಾರಗಟ್ಟಲೆಯ ತನಿಖೆಗೆ ಸಿಗದ ತೀರ್ಪು ಒಂದು ಮೊರ ಕಾಳು ಮುಗಿಯುವುದರೊಳಗೆ ಬಂದಿತ್ತು. ಸುಮೇಧಾ ನಗಲಿಲ್ಲ. "ಪುಸ್ತಕ ತಂದೀರಿಲ್ರಿ ಅತ್ತಿ, ಚೀಲದಾಗ ಕಾಣಸ್ತದ" ಎಂದಳು. ಕೊಟ್ಟೆ. ಕೊಟ್ಟು, ಹೆದರಿಕೊಂಡೇ ಊರಿಗೆ ಬಂದೆ.

ದೀಪಾವಳಿಗೆ ಹೋದಾಗ ಪಡಸಾಲೆಯಲ್ಲಿ ಈ ಸಲ ಉದ್ದು ಇತ್ತು, ಕತೆ ಸುಮೇಧಾಳದಿತ್ತು. ಅವಳ ಬಾಯಲ್ಲಿ ರಾಣಿ ತುಳಸಮ್ಮ ಗೋಪುರದಿಂದ ಇಳಿದು, ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಡ್ರ್ಯಾಗನ್ನಿನ ಬೆನ್ನೇರಿದ್ದಳು. ವೈನಿಗೆ ಭಾರೀ ಪೇಚು. ಹೆಸರು ಹೇಳುವ ಹಾಗಿಲ್ಲ, ಕತೆ ಬಿಡುವ ಹಾಗಿಲ್ಲ. "ಮುಂದ ಆ ಕಟ್ಟಿ ಮ್ಯಾಲಿನ ರಾಣಿ ಏನ ಮಾಡಿದಳು?" ಎಂದು ಕೇಳುತ್ತಿದ್ದಳು.

ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. "ಸುಮಿ, ಪುಸ್ತಕದಾಗ ರಾಣಿ ಸಾಯ್ತಾಳಲ್ಲ?" ಎಂದೆ.

"ಅಂವಗ ಅಕಿ ಹೆಸರೇ ಗೊತ್ತಿಲ್ಲ ಅತ್ತಿ," ಎಂದಳು ಹುಡುಗಿ, ನನ್ನ ಬಗ್ಗೆ ಮರುಕಪಟ್ಟು. "ಸತ್ತಿದ್ದು ಅಂವಗ ಹ್ಯಾಂಗ ಗೊತ್ತಾಗ್ತದ?"

ಎರಡನೇ ಸಂಪುಟ ಅವಳ ಕೈಗಿಟ್ಟು ಬಸ್ಸು ಹತ್ತಿದೆ. ದಾರಿಯಲ್ಲಿ ಲೇಖಕನನ್ನು ಕ್ಷಮಿಸಲೋ ಬೇಡವೋ ಎಂದು ಯೋಚಿಸುತ್ತಿದ್ದವಳಿಗೆ ಬೇರೆಯೇ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ನಾನೂ ಒಬ್ಬರನ್ನು 'ನಮ್ಮ ಮನೆಯವರು' ಎಂದೇ ಸಾಗಿಸಿಕೊಂಡು ಬಂದಿದ್ದೇನೆ, ಈ ಪ್ರಬಂಧದಲ್ಲೂ. ನೀವೂ ಗಮನಿಸಿರಲಿಕ್ಕಿಲ್ಲ.

ಮನೆ ಸೇರಿದವಳೇ ಚಹಾ ಸೋಸಿ, ಗಂಟಲು ಸರಿಮಾಡಿಕೊಂಡು, ಮೊದಲ ಸಲ ಅವರ ಹೆಸರು ಹಿಡಿದು ಕೂಗಿದೆ: "ಶಿವರಾಜ, ಚಾ ಆಗ್ಯದ ಬರ್ರಿ."

ಅವರು ಪೇಪರ್ ಮಡಚಿಟ್ಟು ಎದ್ದು, ಯಾರು ಬಂದಿದ್ದಾರೆಂದು ನೋಡಲು ಹೊರಬಾಗಿಲಿಗೆ ಹೋದರು.