ಹೇಳಿ ಬರೆಸಿದ ಕಾಗದಗಳು

ಸುಭದ್ರಕ್ಕ ಕಂಡವರ ಮನೆ ಕಾಗದ ಓದುವವರು. ಅದೂ ಸತ್ತು ಮುನ್ನೂರು, ನಾನೂರು ವರ್ಷವಾದ ಇಂಗ್ಲೆಂಡಿನ ಹೆಂಗಸರ ಕಾಗದ. ಬರ್ಕ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ನಾನು ಕೆಟ್ಟ ಮೆಷಿನ್ನಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಡ್ರೈಯರ್ ಮೇಲೆ ಪುಸ್ತಕ ಹರಡಿಕೊಂಡು ನಿಂತಿದ್ದವರು ತಲೆಯೆತ್ತಿ, "ಕನ್ನಡದವಳಾ? ನೋಡು, ಪಾಪ, ಈಯಮ್ಮನ ಗಂಡ ಈ ಸಲಾನೂ ಲಂಡನ್ನಿಂದ ಬರ್ಲಿಲ್ಲ. ಮಗೂಗೆ ಜ್ವರ ಬೇರೆ," ಅಂದರು. ಪಕ್ಕದ ಮನೆಯ ಸುದ್ದಿ ಎಂದುಕೊಂಡು, "ಡಾಕ್ಟರಿಗೆ ತೋರಿಸಿದ್ರಂತಾ?" ಎಂದು ಕೇಳಿಬಿಟ್ಟೆ. ಅವರು ನಕ್ಕ ನಗುವಿಗೆ ನನಗೆ ಸಿಟ್ಟೇ ಬಂದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮನೆಯಲ್ಲೇ ಕೂತು ವಿದ್ಯಾರ್ಥಿಗಳ ಥೀಸಿಸ್ಸು ಟೈಪ್ ಮಾಡುತ್ತಿದ್ದೆ. ಹಾಗೆ ಅವರದೂ ನನ್ನ ಕೈಗೆ ಬಂತು. ಮೈಸೂರಿನವರು, ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕಾಟನ್ ಸೀರೆ, ಮೇಲೆ ಮೊಣಕೈ ಸವೆದ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ. ಅಡಿಗೆಮನೆಯ ಕಪಾಟಿನಲ್ಲಿ ಬೇಳೆ ಡಬ್ಬ ಇರಬೇಕಾದ ಕಡೆ ಚಪ್ಪಲಿ ಡಬ್ಬಗಳು, ಅವುಗಳ ತುಂಬ ಕಾರ್ಡುಗಳು. ಒಂದು ಪದಕ್ಕೆ ಒಂದು ಕಾರ್ಡು.

"ರಾಜರು ಆಡಿದ್ದು ಎಲ್ಲಾರೂ ಬರೆದಿಟ್ಟಿದಾರೆ ಜಯಾ. ಸೊಪ್ಪು ಬಿಡಿಸ್ತಾ ಆಡೋ ಮಾತು ಎಲ್ಲಿ ಸಿಗುತ್ತೆ? ಕಾಗದದಲ್ಲೇ," ಅನ್ನುತ್ತಿದ್ದರು. ಭಾಷೆ ಹೇಗೆ ಬದಲಾಗುತ್ತದೆ, ಹೊಸ ಮಾತನ್ನು ಮೊದಲು ಯಾರು ಹಿಡಿಯುತ್ತಾರೆ ಎಂಬುದು ಅವರ ವಿಷಯ. ಹೆಂಗಸರೇ ಮೊದಲು ಎಂಬುದು ಅವರ ಉತ್ತರ. ಆರು ವರ್ಷದ ದುಡಿಮೆ. "ಸಾಕಾಗಿದೆ ಕಣೆ," ಎಂದು ದಿನಕ್ಕೆ ಹತ್ತು ಸಲ ಹೇಳಿ, ಹತ್ತು ಸಲವೂ ಮತ್ತೆ ಕಾರ್ಡು ಹಿಡಿಯುತ್ತಿದ್ದರು.

ಆ ವರ್ಷ ನಮ್ಮತ್ತೆ ಮಂಡ್ಯದಿಂದ ಬಂದಿದ್ದರು. ಅವರಿಗೆ ಓದುಬರಹ ಬಾರದು. ವಾರಕ್ಕೊಮ್ಮೆ ಮಗಳಿಗೆ ಕಾಗದ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಟೈಪಾದ ಹಾಳೆ ಒಯ್ಯಲು ಸುಭದ್ರಕ್ಕ ಬಂದಾಗ ಅದೇ ನಡೆದಿತ್ತು.

"ಆ ಮೂದೇವಿ ಗಂಡನ್ನ ಕಟ್ಕಂಡು ನಿಂಗೆ ಸುಖ ಇಲ್ಲ ಅಂತ ನಂಗೊತ್ತು ಅಂತ ಬರಿ," ಎಂದರು ಅತ್ತೆ. "ನಂಗೂ ಇಲ್ಲಿ ಸಾಕಾಗೋಗದೆ. ಬಾಗ್ಲು ಹಾಕ್ಕಂಡು ಗೋಡೆ ನೋಡ್ಕಂಡು ಕೂತಿವ್ನಿ ಅಂತ ಬರಿ."

ಸುಭದ್ರಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ನಾನು ಬರೆದದ್ದು ಇಷ್ಟು: 'ನಾನು ಇಲ್ಲಿ ಕ್ಷೇಮದಿಂದಿರುವೆನು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸುವುದು.'

"ಅವರು ಹೇಳಿದ್ದು ಎಲ್ಲಿ ಜಯಾ?"

"ಅಯ್ಯೋ, ಅದನ್ನೆಲ್ಲ ಹಂಗೇ ಬರೀತಾರಾ ಅಕ್ಕಾ? ನಮ್ಮ ಬೀದೀಲಿ ಅರ್ಧ ಜನಕ್ಕೆ ನಾನೇ ಬರ್ಕೊಡ್ತಿದ್ದೆ. ಎಲ್ಲಾರಿಗೂ ಹಿಂಗೇ."

ಅವರು ಕುರ್ಚಿ ಎಳೆದುಕೊಂಡು ಕೂತರು. ಆ ಇಂಗ್ಲೆಂಡಿನ ಹೆಂಗಸರಲ್ಲೂ ಎಷ್ಟೋ ಜನ ಗುಮಾಸ್ತರಿಗೆ ಹೇಳಿ ಬರೆಸಿದವರೇ. ಅದು ಅವರಿಗೆ ಗೊತ್ತಿತ್ತು. ಆದರೆ ಕೈ ಬೇರೆಯವರದಾದರೂ ಮಾತು ಹೇಳಿದವಳದೇ ಎಂದು ನಂಬಿಕೊಂಡಿದ್ದರು. "ನಮ್ಮನೇಲಿ ಅಜ್ಜೀನೂ ಓದಿದೋರು. ಅವರವರ ಕಾಗದ ಅವರವರೇ ಬರೀತಿದ್ರು. ಹೇಳಿ ಬರೆಸೋದು ನಾನು ಕಂಡೇ ಇಲ್ವಲ್ಲೇ," ಎಂದರು. ಯಾವುದು ಹೆಂಗಸಿನ ಮಾತು, ಯಾವುದು ಗುಮಾಸ್ತನದು ಎಂದು ಈಗ ವಿಂಗಡಿಸುವುದು ಹೇಗೆ? ಅವರು ನೋಡುತ್ತಿದ್ದುದು ಅಚ್ಚಾದ ಪುಸ್ತಕಗಳನ್ನು. ಬರೆದ ಕೈ ಯಾರದೆಂದು ಅವುಗಳಲ್ಲಿ ಇರುತ್ತಿರಲಿಲ್ಲ.

ಮಾರನೇ ದಿನ ಬಂದು, ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ತಾವೇ ಬರೆದು ಓದಿ ಹೇಳಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯಯ್ಯೋ, ಹಿಂಗಾ ಬರೆಯದು? ಕೇಳ್ದೋರು ಏನಂದಾರು! ಹರ್ದಾಕಿ ತಾಯಿ. ನಮ್ ಜಯನೇ ಬರೀಲಿ, ನೀಟಾಗ್ ಬರೀತಾಳೆ." ಸುಭದ್ರಕ್ಕನ ಮುಖ ನೋಡಲಾಗಲಿಲ್ಲ.

ಥೀಸಿಸ್ಸು ಕೊಡಲು ಮೂರು ವಾರ ಉಳಿದಿತ್ತು. ಕೆಲವು ಕಾಗದ ಹೇಳಿ ಬರೆಸಿದವು ಎಂದು ಪುಟದ ಕೆಳಗೆ ಒಂದು ಟಿಪ್ಪಣಿ ಹಾಕಿದರೆ ಸಾಕು ಎಂದು ಅವರ ಪ್ರೊಫೆಸರರೇ ಹೇಳಿದರಂತೆ. ನಾನೂ ಹೇಳಿದೆ. ಹೇಳಿದೆನೇನು, ಜಗಳವೇ ಆಡಿದೆ. "ಯಾರು ಅಕ್ಕಾ ನೋಡ್ತಾರೆ? ಡಿಗ್ರಿ ತಗೊಳ್ಳಿ, ಆಮೇಲೆ ಏನು ಬೇಕಾದ್ರೂ ತಿದ್ದಿ. ಆರು ವರ್ಷ ಮಣ್ಣು ಹೊತ್ರಾ?"

"ಟಿಪ್ಪಣಿ ಹಾಕಿದ್ರೆ ಟಿಪ್ಪಣಿ ಮಾತ್ರ ನಿಜ ಆಗುತ್ತೆ ಕಣೆ. ಮೇಲಿರೋದೆಲ್ಲ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಬರೀ ಸುಸ್ತು. ಕೊನೆಯ ಎರಡು ಅಧ್ಯಾಯ ಟೈಪ್ ಮಾಡಬೇಡ ಎಂದು ವಾಪಸು ಒಯ್ದರು. ಥೀಸಿಸ್ಸು ಕೊಡಲೇ ಇಲ್ಲ. ಹೊಸದಾಗಿ ಶುರು ಮಾಡಲು ವೀಸಾ ಉಳಿದಿರಲಿಲ್ಲ, ಮೈಯಲ್ಲಿ ಕಸುವೂ ಇರಲಿಲ್ಲ. ನನ್ನ ಅತ್ತೆಯ ಕಾಗದದಿಂದ ಹೀಗಾಯಿತಲ್ಲ ಎಂದು ನಾನು ಎಷ್ಟು ದಿನ ನೊಂದುಕೊಂಡೆನೋ.

ಊರಿಗೆ ಹೊರಡಲು ಇನ್ನೂ ಮೂರು ವಾರ ಇರುವಾಗ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಖಾಲಿ ಏರೋಗ್ರಾಮು.

"ಅಪ್ಪಂಗೆ ಬರೀಬೇಕು. ನಾಲ್ಕು ಹರಿದು ಹಾಕಿದೆ. ಕೈ ಬರ್ತಿಲ್ಲ. ನಾನು ಹೇಳ್ತೀನಿ, ನೀನು ಬರಿ."

ಅಪ್ಪ ನಿವೃತ್ತ ಹೆಡ್‌ಮಾಸ್ಟರರು. ಮಗಳು ಡಾಕ್ಟರಾಗಿ ಬರುತ್ತಾಳೆಂದು ಬೀದಿಗೆಲ್ಲ ಹೇಳಿಕೊಂಡು ಕೂತವರು. ಸುಭದ್ರಕ್ಕ ಕಿಟಕಿಯ ಕಡೆ ತಿರುಗಿಕೊಂಡರು. "ಅಪ್ಪಾ, ನನ್ನ ಕೈಲಾಗಲಿಲ್ಲ. ಬರೆದಿದ್ದೆಲ್ಲ ತಪ್ಪಾಯ್ತು. ಬರಿಗೈಲಿ ಬರ್ತಿದೀನಿ. ಯಾರೂ ಏನೂ ಕೇಳದ ಹಾಗೆ ನೋಡ್ಕೋ. ನಂಗೆ ಮಲಗಬೇಕು ಅಷ್ಟೆ." ಅಲ್ಲಿಗೆ ನಿಲ್ಲಿಸಿದರು.

ಬರೆದು ಮುಗಿಸಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಓದಿದರು. 'ತೀರ್ಥರೂಪು ತಂದೆಯವರ ಪಾದಗಳಿಗೆ ನಮಸ್ಕಾರಗಳು. ಇಲ್ಲಿನ ಕೆಲಸ ಒಂದು ಹಂತಕ್ಕೆ ಬಂದಿದೆ. ಸ್ವಲ್ಪ ವಿಶ್ರಾಂತಿಗಾಗಿ ಊರಿಗೆ ಬರುತ್ತಿದ್ದೇನೆ.'

ಬೈಯುತ್ತಾರೆಂದು ಕಾದೆ. ಹರಿದು ಹಾಕಲಿ ಎಂದೂ ಅನಿಸಿತು. ನನ್ನನ್ನೊಮ್ಮೆ ನೋಡಿದರು. ಆಮೇಲೆ ಪೆನ್ನಿಗೆ ಕೈ ಚಾಚಿ, ಕೆಳಗೆ ಸಹಿ ಹಾಕಿದರು.