ರಾಗಿ ಗಂಜಿಯಲ್ಲಿ ಅಂಟಿಸಿದ ಪುಟ

ಸಿಟ್ಟು ಬಂದರೆ ನಮ್ಮ ಟೀಚರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಬಲಗಿವಿ ಇದ್ದ ಹಾಗೇ ಇರುತ್ತಿತ್ತು. ಮೊದಲು ಕಿವಿಯ ತುದಿ, ಆಮೇಲೆ ಓಲೆ ಚುಚ್ಚಿದ ಹಾಲೆ, ಕೊನೆಗೆ ಕುತ್ತಿಗೆ. ಕ್ಲಾಸಿನಲ್ಲಿ ನಾವು ಕಪ್ಪು ಹಲಗೆಗಿಂತ ಹೆಚ್ಚಾಗಿ ಆ ಕಿವಿಯನ್ನೇ ನೋಡುತ್ತಿದ್ದೆವು. ತುದಿ ಕೆಂಪಾದರೆ ಯಾರೋ ಹೋಂವರ್ಕ್ ಬರೆದಿಲ್ಲ ಎಂದು ಲೆಕ್ಕ. ಕುತ್ತಿಗೆಯವರೆಗೂ ಇಳಿದರೆ ಅವತ್ತು ಮೊದಲ ಮಹಾಯುದ್ಧದ ಪಾಠ.

ಹೋದ ತಿಂಗಳು ಕೆಲಮಂಗಲದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಮೈಕು ಹಿಡಿದವರೆಲ್ಲ ಅವರನ್ನು ಶಾಂತಮೂರ್ತಿ ಎಂದರು. ಅವರ ಬಾಯಿಂದ ಒಂದು ಗಟ್ಟಿ ಮಾತು ಕೇಳಿದವರಿಲ್ಲ ಎಂದರು ಒಬ್ಬರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಗಟ್ಟಿ ಮಾತು ಕೇಳಿಸಿಕೊಳ್ಳದೆ ನಮ್ಮ ಶಾಲೆಯ ಹೆಂಚಿನ ಮೇಲೆ ಒಂದು ಕಾಗೆ ಕೂಡ ಕೂತಿರಲಿಲ್ಲ. ಸತ್ತ ಹದಿಮೂರು ದಿನಕ್ಕೇ ಒಬ್ಬ ಹೆಂಗಸಿನ ಸಿಟ್ಟನ್ನೆಲ್ಲ ತೊಳೆದು, ಒಣಗಿಸಿ, ಮಡಚಿ ಇಟ್ಟುಬಿಟ್ಟಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಮಿಳುನಾಡಿಗೆ ಸೇರಿದ ಹೊಸೂರು ಸೀಮೆಯ ಒಂದು ಹಳ್ಳಿಯ ಕನ್ನಡ ಶಾಲೆ. ಟೀಚರು ಹತ್ತನೇ ಕ್ಲಾಸಿಗೆ ಚರಿತ್ರೆ ಹೇಳುತ್ತಿದ್ದರು. ಮಹಾಯುದ್ಧದ ಪಾಠದಲ್ಲಿ ರಾಜರಿದ್ದರು, ಒಪ್ಪಂದಗಳಿದ್ದವು, ಒಂದು ಪುಟದ ತುಂಬ ಯುದ್ಧನೌಕೆಯ ಚಿತ್ರವಿತ್ತು. ಹೆಂಗಸರಿಗೆ ಸಿಕ್ಕಿದ್ದು ಒಂದೇ ಸಾಲು: ಗಂಡಸರು ಯುದ್ಧಕ್ಕೆ ಹೋದಾಗ ಅವರು ಕಾರ್ಖಾನೆಗಳಲ್ಲಿ ದುಡಿದರು ಅಂತ. ಆ ಸಾಲು ಬಂದ ಕೂಡಲೇ ಟೀಚರ ಕಿವಿಗೆ ಬೆಂಕಿ ಬೀಳುತ್ತಿತ್ತು. ಪುಸ್ತಕ ಮುಚ್ಚಿ ತಮ್ಮ ಅಜ್ಜಿಯ ಕಥೆ ಹೇಳುತ್ತಿದ್ದರು.

ಆ ಅಜ್ಜಿಯ ಗಂಡ ಮತ್ತಿಗಿರಿ ಕಡೆ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದನಂತೆ. ಯುದ್ಧ ಬಂದಾಗ ಕುದುರೆಗಳ ಜೊತೆ ಅವನನ್ನೂ ಹಡಗು ಹತ್ತಿಸಿದರು. ಹೋದವನು ಬರಲಿಲ್ಲ, ಸತ್ತನೆಂಬ ಕಾಗದವೂ ಬರಲಿಲ್ಲ. ಅಜ್ಜಿ ಬಳೆ ಒಡೆದುಕೊಳ್ಳಲೂ ಇಲ್ಲ, ಹೊಸ ಬಳೆ ತೊಡಲೂ ಇಲ್ಲ. ಕೈಯಲ್ಲಿದ್ದವು ಪಾತ್ರೆ ತೊಳೆಯುವಾಗ, ಕಳೆ ಕೀಳುವಾಗ ಒಂದೊಂದಾಗಿ ತಾವೇ ಒಡೆದುಹೋದವು. ಆಕೆ ಸಾಯುವವರೆಗೂ ಮೊಮ್ಮಗಳನ್ನು ಕೇಳುತ್ತಿದ್ದುದು ಒಂದೇ ಮಾತು.

“ಅಲ್ಲ ಕಣವ್ವಾ, ಅಷ್ಟು ದೊಡ್ಡ ಲೋಕದಾಗೆ ಬ್ಯಾಡ ಅಂದೋರು ಒಬ್ರೂ ಇರ್ಲಿಲ್ವಾ?”

ಇದ್ದರು. ಅದು ಟೀಚರಿಗೆ ಗೊತ್ತಾಗಿದ್ದು ಟ್ರೈನಿಂಗ್ ಕಾಲೇಜಿನ ಲೈಬ್ರರಿಯಲ್ಲಿ, ಯಾರೂ ಮುಟ್ಟದ ಒಂದು ಪುಸ್ತಕದಲ್ಲಿ. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಹೇಳಬೇಕಾದವಳಿಗೆ ಹೇಳಲಾಗದ್ದನ್ನು ಅವರು ನಮಗೆ ಹೇಳಿದರು. ಸುಮ್ಮನೆ ಹೇಳಿ ಬಿಡಲಿಲ್ಲ, ಒಂದು ಪುಟ ಬರೆದರು. ಪ್ರತಿ ವರ್ಷ ಹೊಸ ಪುಸ್ತಕ ಬಂದಾಗ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಒತ್ತಿ ಒತ್ತಿ ಬರೆದು, ತಲೆಗೊಂದರಂತೆ ಹಂಚುತ್ತಿದ್ದರು. ಬೆರಳು ಬಾತುಕೊಂಡಿರುತ್ತಿತ್ತು. ಮನೆಯಲ್ಲಿ ರಾಗಿ ಗಂಜಿ ಕಾಸಿ ಡಬ್ಬಿಯಲ್ಲಿ ತರುತ್ತಿದ್ದರು. ಹಡಗಿನ ಚಿತ್ರದ ಪುಟಕ್ಕೆ ನಾವು ಆ ಹಾಳೆಯನ್ನು ಅದರಲ್ಲಿ ಅಂಟಿಸಬೇಕು.

“ಅಂಚಿಗೆ ಮಾತ್ರ ಹಚ್ರೇ. ಬಾಗ್ಲು ಥರ ತೆಗ್ದು ನೋಡೋ ಹಂಗಿರ್ಲಿ.”

ಆ ಪುಟ ನನಗೆ ಈಗಲೂ ಬಾಯಿಪಾಠ. ಯುದ್ಧ ಶುರುವಾದ ಮರುವರ್ಷ, ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳ ಹೆಂಗಸರೇ ಹಾಲೆಂಡಿನ ಒಂದು ಊರಿನಲ್ಲಿ ಒಟ್ಟಿಗೆ ಕೂತು, ಯುದ್ಧ ನಿಲ್ಲಿಸಿ ಎಂದರು. ಕೆಲವರು ಹೊರಡದಂತೆ ಅವರ ಸರ್ಕಾರವೇ ಕಡಲ ದಾರಿ ಮುಚ್ಚಿತು. ಕೆಲವರ ಹಡಗನ್ನು ನಡುನೀರಿನಲ್ಲಿ ದಿನಗಟ್ಟಲೆ ತಡೆದರು. ಪತ್ರಿಕೆಗಳು ಗೇಲಿ ಮಾಡಿದವು. ಸಭೆ ಮುಗಿದ ಮೇಲೂ ಅವರು ಮನೆಗೆ ಹೋಗಲಿಲ್ಲ. ಗುಂಪು ಗುಂಪಾಗಿ ದೇಶ ದೇಶಕ್ಕೆ ಹೋಗಿ ಮಂತ್ರಿಗಳ ಬಾಗಿಲು ತಟ್ಟಿದರು. ಮಂತ್ರಿಗಳು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿಸಿದರು. ಯುದ್ಧ ನಿಲ್ಲಿಸಲಿಲ್ಲ.

“ಮತ್ಯಾಕೆ ಹೋದ್ರು ಟೀಚರ್, ನಿಲ್ಲಲಿಲ್ಲ ಅಂದ್ಮೇಲೆ?” ಎಂದು ಕೇಳಿದ್ದೆ ನಾನು.

“ನಿಲ್ಲಲಿಲ್ಲ ಅಂತ ಅವ್ರು ಹೋಗಿದ್ದೇ ಸುಳ್ಳಾಗೋಯ್ತೇನೇ? ಸೋತ ರಾಜ್ರುಗಳ ಹೆಸ್ರು ಪುಸ್ತಕದ ತುಂಬ ಐತೆ. ಅದನ್ಯಾಕೆ ಕೇಳಲ್ಲ ನೀನು?”

ಶಾಂತಿ ಅಂದರೆ ಸುಮ್ಮನಿರುವುದಲ್ಲ ಎನ್ನುವುದು ಅವರ ದೊಡ್ಡ ಹಟ. ಅದಕ್ಕಾಗಿ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಹುಡುಗಿಯರಿಗೆ ಒಂದು ವಿಚಿತ್ರವಾದ ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬಳನ್ನು ಎಬ್ಬಿಸಿ, “ನನ್ ಲೋಟ ತೊಳ್ಕೊಂಡ್ ಬಾ” ಅನ್ನುವರು. ಅವಳು ನೆಟ್ಟಗೆ ನಿಂತು, “ತೊಳಿಯಲ್ಲ ಟೀಚರ್, ನೀವೇ ತೊಳ್ಕೊಳ್ಳಿ” ಅನ್ನಬೇಕು. ನಾವು ಮುಸಿಮುಸಿ ನಗುತ್ತಿದ್ದೆವು. ನನ್ನ ಸರದಿ ಬಂದಾಗ ಬಾಯಿ ತೆರೆದೆ, ಮಾತು ಬರಲಿಲ್ಲ. ಹೋಗಿ ಲೋಟ ತೊಳೆದುಕೊಂಡೇ ಬಂದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಟೀಚರು ನಗಲಿಲ್ಲ.

“ನೀನು ಬಲೇ ಒಳ್ಳೆ ಹುಡುಗಿ ಕಣೇ. ಅದೇ ನಂಗೆ ಭಯ.”

ನಾನಾಗಿದ್ದ ಆ ಒಳ್ಳೆಯ ಹುಡುಗಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳು ಕ್ಲಾಸ್ ಲೀಡರ್. ಅವಳ ಪುಸ್ತಕಕ್ಕೆ ಎಲ್ಲರಿಗಿಂತ ಚೆಂದದ ರಟ್ಟು. ಟೀಚರ ಪುಟದ ಮೇಲಿನ ಪ್ರೀತಿಗೆ ಅವಳು ಅಂಚಿಗೆ ಹಚ್ಚಿ ಸುಮ್ಮನಾಗಲಿಲ್ಲ. ಬೆರಳು ತುಂಬ ಗಂಜಿ ತೆಗೆದು ಹಡಗು ಪೂರ್ತಿ ಮುಚ್ಚುವಂತೆ ಬಳಿದು, ಮೇಲೆ ಪುಟವಿಟ್ಟು ಅಂಗೈಯಲ್ಲಿ ಒತ್ತಿದ್ದಳು.

ಆ ವರ್ಷ ಶಾಲೆಯ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಹೆಡ್ ಮಾಸ್ಟರು ಚೆಂದದ ಪುಸ್ತಕ ತೋರಿಸೋಣ ಎಂದು ನನ್ನದನ್ನೇ ಎತ್ತಿ ಕೊಟ್ಟರು. ಅಧಿಕಾರಿ ಹಾಳೆ ತಿರುವುತ್ತ ಹೋಗಿ ಆ ಪುಟದಲ್ಲಿ ನಿಂತರು. ಯಾರು ಅಂಟಿಸಿದ್ದು ಎಂದು ತಮಿಳಿನಲ್ಲಿ ಕೇಳಿದರು.

“ನಾನೇ ಸಾರ್” ಎಂದರು ಟೀಚರು.

“ಸಿಲಬಸ್‌ಲ ಇರುಕ್ಕಾ?”

“ಇಲ್ಲ ಸಾರ್. ಇಲ್ಲ ಅಂತಾನೇ ಅಂಟಿಸಿದ್ದು.”

ಅಧಿಕಾರಿ ಅವರ ಜೊತೆ ಮತ್ತೆ ಮಾತೇ ಆಡಲಿಲ್ಲ. ಪುಸ್ತಕವನ್ನು ನನ್ನ ಮುಂದೆ ಹಿಡಿದು, “ಕಿಳಿಚ್ಚಿಡುಮ್ಮಾ” ಎಂದರು. ಹರಿದುಹಾಕು ಎಂದು ಕೈಯಲ್ಲೂ ಮಾಡಿ ತೋರಿಸಿದರು. ನೋಡಿ, ಎಂಥ ಹೇಡಿತನ. ದೊಡ್ಡವಳ ಎದುರು ತನ್ನಿಂದ ಆಗದ್ದನ್ನು ಹದಿನೈದರ ಹುಡುಗಿಯ ಕೈಯಲ್ಲಿ ಮಾಡಿಸುವುದು. ಟೀಚರು ನನ್ನನ್ನೇ ನೋಡುತ್ತಿದ್ದರು. ಎಷ್ಟು ಶನಿವಾರ ಕಲಿಸಿದ್ದರು! ನಾನು ಪುಟದ ಮೂಲೆ ಹಿಡಿದು ಎಳೆದೆ. ರಾಗಿ ಗಂಜಿ ಬಿಡಲಿಲ್ಲ. ಹಡಗು, ಅದರ ಹಿಂಬದಿಯ ಒಪ್ಪಂದಗಳ ಪಾಠ, ಎಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು.

ಅದೇ ನೆಪವಾಯಿತು. ಸರ್ಕಾರದ ಪುಸ್ತಕ ಹಾಳುಮಾಡಿಸಿದ್ದಾರೆ ಎಂದು ಅಧಿಕಾರಿ ಕೂಗಾಡಿದರು. ಸಂಜೆ ಹೆಡ್ ಮಾಸ್ಟರು ವರದಿ ಬರೆದರು: ಟೀಚರು ಮಕ್ಕಳನ್ನು ಹೆದರಿಸಿ ಪುಸ್ತಕ ಕೆಡಿಸಿದರು ಅಂತ. ಲೀಡರ್ ಸಹಿ ಬೇಕೆಂದರು. ಹೆದರಿಸಿದವರು ಯಾರೆಂದು ನನಗೆ ಗೊತ್ತಿತ್ತು. ಆದರೂ ಗುಂಡು ಗುಂಡಾದ ಅಕ್ಷರದಲ್ಲಿ ಸಹಿ ಹಾಕಿದೆ.

ತಿಂಗಳೊಳಗೆ ಟೀಚರಿಗೆ ಅಂಚೆಟ್ಟಿ ಆಚೆಯ ಕಾಡಂಚಿನ ಹಳ್ಳಿಗೆ ವರ್ಗವಾಯಿತು. ದಿನಕ್ಕೆ ಒಂದೋ ಎರಡೋ ಬಸ್ಸು, ಇಳಿದ ಮೇಲೆ ಗುಡ್ಡ ಹತ್ತಿ ನಡೆಯಬೇಕು. ಹೊರಡುವ ದಿನ ನಾನು ಬಸ್ ಸ್ಟಾಪಿಗೆ ಹೋಗಿ ಅಳುತ್ತ ನಿಂತೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರ ಎಡಗಿವಿ ಕೆಂಡದ ಹಾಗಿತ್ತು.

“ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಐತೆ. ಹರಿಯಲ್ಲ ಅನ್ನಕ್ಕೆ ಎಷ್ಟೊತ್ತು ಬೇಕಿತ್ತೇ? ಒಂದು ಉಸ್ರು.” ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿ, “ಮುಂದಿನ ಸಲ ಅನ್ನು” ಎಂದರು.

ಆ ಮುಂದಿನ ಸಲವನ್ನು ನಾನು ಮೂವತ್ತು ವರ್ಷ ಮುಂದೂಡುತ್ತ ಬಂದೆ. ಹೊಸೂರಿನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ ನನ್ನದು. ಕೂದಲೆಳೆಯಷ್ಟು ಸೀಳಿದ್ದರೂ ಕಣ್ಣಿಗೆ ಬೀಳುತ್ತದೆ, ಸೂಪರ್‌ವೈಸರ್ ಹೋಗಲಿ ಬಿಡಿ ಎಂದರೆ ಬಿಡುತ್ತೇನೆ. ಮನೆಯಲ್ಲಿ ಎಲ್ಲೋ ಬಾಂಬು ಬಿದ್ದದ್ದನ್ನು ಟೀವಿಯಲ್ಲಿ ತೋರಿಸಿದರೆ ಗಂಡಸರು ಕ್ರಿಕೆಟ್ ನೋಡುವಂತೆ ನೋಡುತ್ತ ಕೇಕೆ ಹಾಕುತ್ತಾರೆ. ನಾನು ಅವರಿಗೆ ಕಾಫಿ ಕೊಟ್ಟು ಲೋಟ ತೊಳೆಯುತ್ತೇನೆ. ಟೀಚರನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ನಿವೃತ್ತಿಯಾಗುವವರೆಗೂ ಆ ಗುಡ್ಡದ ಶಾಲೆಯಲ್ಲೂ ಪುಟ ಅಂಟಿಸುತ್ತಿದ್ದರೆಂದು ಬೇರೆಯವರಿಂದ ಕೇಳಿದೆ.

ಶ್ರದ್ಧಾಂಜಲಿ ಸಭೆಯಲ್ಲಿ ಕೊನೆಗೆ ಮಾತಾಡಿದ್ದು ಅದೇ ಹೆಡ್ ಮಾಸ್ಟರು. ಎಂಬತ್ತು ದಾಟಿದೆ, ಕೈ ನಡುಗುತ್ತದೆ, ದನಿ ಮಾತ್ರ ಹಾಗೇ ಇದೆ. ಗುಡ್ಡಗಾಡಿನ ಮಕ್ಕಳ ಸೇವೆ ಮಾಡಬೇಕೆಂದು ಆಕೆ ತಾವಾಗಿಯೇ ಕೇಳಿ ಅಂಚೆಟ್ಟಿ ಕಡೆಗೆ ವರ್ಗ ಮಾಡಿಸಿಕೊಂಡರು, ಅಂಥ ತ್ಯಾಗಮಯಿ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಎರಡು ಕೈಯೂ ಚಪ್ಪಾಳೆಗೆ ಏಳುತ್ತಿದ್ದವು. ಅದನ್ನು ಕಂಡು ನನಗೇ ಅಸಹ್ಯವಾಗಿ ಎದ್ದು ನಿಂತೆ.

“ಬ್ಯಾಡ ಸಾರ್. ಹಂಗ್ ಹೇಳ್ಬ್ಯಾಡಿ. ಅವ್ರು ಕೇಳ್ಕೊಂಡು ಹೋಗ್ಲಿಲ್ಲ. ನೀವು ಕಳ್ಸಿದ್ರಿ. ವರದಿ ಬರ್ದಿದ್ದು ನೀವು, ಸಹಿ ಹಾಕಿದ್ದು ನಾನು. ಆ ಪುಟ ಹರಿದೋಳೂ ನಾನೇ.”

ಹೆಡ್ ಮಾಸ್ಟರು ಕನ್ನಡಕ ತೆಗೆದು ನನ್ನನ್ನು ಗುರುತು ಹಿಡಿಯಲು ನೋಡಿದರು.

“ಈಗ್ಯಾಕಮ್ಮಾ ಅದೆಲ್ಲ? ಸತ್ತೋರ ಬಗ್ಗೆ ಒಳ್ಳೇ ಮಾತೇ ತಾನೇ ಆಡಿದ್ದು?”

“ಅವ್ರದ್ದಲ್ಲದ ಒಳ್ಳೇ ಮಾತು ಅವ್ರಿಗ್ಯಾಕೆ ಸಾರ್?” ಎಂದೆ. ಕೂರಲಿಲ್ಲ. ಟೀಚರ ಅಜ್ಜಿ ಕೇಳಿದ ಪ್ರಶ್ನೆಯನ್ನು ಹೇಳಿದೆ. ಆಮೇಲೆ ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಒಪ್ಪಿಸಿದೆ. ಅರ್ಧಕ್ಕೆ ಕೆಲವರು ಎದ್ದು ಊಟಕ್ಕೆ ಹೋದರು. ಹೋಗಲಿ.

ಮನೆಗೆ ಬಂದು ಮಗಳ ಹತ್ತನೇ ಕ್ಲಾಸಿನ ಚರಿತ್ರೆ ಪುಸ್ತಕದಲ್ಲಿ ಮಹಾಯುದ್ಧದ ಪಾಠ ತೆಗೆದೆ. ಅವಳದು ಇಂಗ್ಲಿಷ್ ಮೀಡಿಯಂ. ಇರಲಿ, ಪುಟವನ್ನು ಕನ್ನಡದಲ್ಲೇ ಬರೆದೆ, ಬೆರಳು ನೋಯುವಷ್ಟು ಒತ್ತಿ. ಒಂದು ಹಿಡಿ ರಾಗಿ ಹಿಟ್ಟು ಕಲಸಿ ಗಂಜಿ ಕಾಸಿದೆ. ಮಗಳು ಪಕ್ಕದಲ್ಲಿ ನಿಂತು, “ಅಂಚಿಗೆ ಹಚ್ಚಿದ್ರೆ ಸಾಕಲ್ವಮ್ಮಾ?” ಎಂದಳು.

“ಸಾಲ್ದು” ಎಂದೆ. ಪುಟದ ಹಿಂಬದಿಗೆ ಪೂರ್ತಿ ಬಳಿದೆ, ಮೂಲೆ ಮೂಲೆಗೂ. ಟೀಚರು ಇದ್ದಿದ್ದರೆ ಬೈಯುತ್ತಿದ್ದರು. ಬೈಯಲಿ. ಹರಿಯುವವರು ಇನ್ನು ಯುದ್ಧದ ಪಾಠವನ್ನೂ ಸೇರಿಸಿಯೇ ಹರಿಯಬೇಕು.